ಮರುದಿನ ಆ ಹುಡುಗಿ ಏನು ಉಂಡಳು

ಆ ಸಿನಿಮಾದ ಬಗ್ಗೆ ಮಾಟುಂಗದ ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ ಹನ್ನೊಂದು ಜನ ಅಭಿಪ್ರಾಯ ಹೇಳಿದರು. ಹತ್ತು ಜನರ ದನಿಯನ್ನು ಈಗ ಕೇಳಿದರೂ ಮಾಡಿ ತೋರಿಸುತ್ತೇನೆ, ಚಹಾ ಕುಡಿಸಿದರೆ ಸಾಕು. ಹನ್ನೊಂದನೆಯವರದನ್ನೂ ಮಾಡಬಲ್ಲೆ, ಉಳಿದೆಲ್ಲರಿಗಿಂತ ಚೆನ್ನಾಗಿ ಮಾಡಬಲ್ಲೆ. ಆದರೆ ಮಾಡುವುದನ್ನು ಬಿಟ್ಟಿದ್ದೇನೆ. ಅವರು ಕಳೆದ ಮಳೆಗಾಲದ ಕೊನೆಯಲ್ಲಿ ತೀರಿಕೊಂಡರು.

ಸಿನಿಮಾ ಇಂಗ್ಲಿಷಿನದು. ಜಗತ್ತೆಲ್ಲ ಬಿಸಿಲಿಗೆ ಸುಟ್ಟು ಹೋಗಿದೆ. ಉಳಿದವರು ಒಬ್ಬ ಮುದುಕ, ಅವನ ಏಳು ವರ್ಷದ ಮೊಮ್ಮಗಳು, ಹಿಂದೆ ಗೋದಾಮಿನಲ್ಲಿ ಸಾಮಾನು ಹೊರುತ್ತಿದ್ದ ಒಂದು ರೋಬೋಟ್. ಮುದುಕನಿಗೆ ಕೆಮ್ಮು. ಸಿನಿಮಾದಲ್ಲಿ ಮೊದಲ ಹತ್ತು ನಿಮಿಷದೊಳಗೆ ಕೆಮ್ಮಿದವರು ಉಳಿಯುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಅವನಿಗೂ ಗೊತ್ತಿದ್ದಂತಿತ್ತು, ಹುಡುಗಿಯನ್ನು ನೋಡಿಕೊಳ್ಳುವುದನ್ನು ರೋಬೋಟ್‌ಗೆ ಕಲಿಸಲು ಶುರುಮಾಡುತ್ತಾನೆ. ನೀರು ಸೋಸುವುದು, ಹೊದಿಕೆ ಹೊದಿಸುವುದು, ಕೊನೆಗೆ ಜಡೆ ಹೆಣೆಯುವುದು. ಕಬ್ಬಿಣದ ಬೆರಳು, ರೇಷ್ಮೆ ಕೂದಲು, ಹಿಂದೆ ಪಿಟೀಲು. ಆಮೇಲೆ ಮುದುಕ ಮರಳಿನ ಮೇಲೆ ಮಲಗುತ್ತಾನೆ, ರೋಬೋಟ್ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರದ ಕಡೆ ನಡೆಯುತ್ತದೆ. ನಮ್ಮ ಹಾಲ್‌ನಲ್ಲಿ ಮೂಗು ಸೀಟುವ ಸದ್ದು ಪಿಟೀಲಿಗಿಂತ ಜೋರಾಗಿತ್ತು.

ಚರ್ಚೆಗೆ ನಾನೇ ನಿರೂಪಕ. ನಿರೂಪಕ ಅಂದರೆ ಮೈಕ್ ಹೊತ್ತುಕೊಂಡು ಸಾಲಿಂದ ಸಾಲಿಗೆ ಓಡುವವನು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು "ಇದು ಮಾನವೀಯತೆಯ ಮಹಾಕಾವ್ಯ" ಎಂದು ಕರ್ಚೀಫಿನ ಒಳಗಿನಿಂದಲೇ ಹೇಳಿದರು. ಕಾಲೇಜಿನಲ್ಲಿ ಪಾಠ ಮಾಡುವ ಮೇಡಂ ಒಬ್ಬರು, "ಇದು ಈರುಳ್ಳಿ. ಹೆಚ್ಚುವವನಿಗೂ ಕಣ್ಣೀರು, ಪಕ್ಕದಲ್ಲಿ ನಿಂತವನಿಗೂ ಕಣ್ಣೀರು. ದುಃಖ ಮಾತ್ರ ಯಾರಿಗೂ ಇಲ್ಲ" ಎಂದರು. ಹೋಟೆಲ್ ನಡೆಸುವ ಉಡುಪಿಯ ಅಣ್ಣನಿಗೆ ರೋಬೋಟ್ ಬಹಳ ಹಿಡಿಸಿತ್ತು: "ರಜೆ ಕೇಳುದಿಲ್ಲ, ಊರಿಗೆ ಹೋಗುದಿಲ್ಲ. ಇಂಥದ್ದು ನಾಲ್ಕು ಸಪ್ಲೈಗೆ ಸಿಕ್ಕಿದ್ರೆ ಸಾಕು ಮಾರಾಯ್ರೆ." ನಾನು ರೋಬೋಟ್ ದನಿಯಲ್ಲಿ ಎಲ್ಲರಿಗೂ ವಂದನೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ.

ಆಗ ಕೊನೆಯ ಸಾಲಿನಲ್ಲಿ ಹನ್ನೊಂದನೆಯವರಾಗಿ ನಮ್ಮ ಎದುರು ಮನೆಯ ಕಾಕಾ ಎದ್ದು ನಿಂತರು. ಒಂದು ಕೈಯಲ್ಲಿ ಪಕ್ಕದಲ್ಲಿ ಕೂತ ಮಗನ ಅಂಗಿಯ ತೋಳು ಹಿಡಿದುಕೊಂಡಿದ್ದರು. ಮೈಕ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

"ನಂದೊಂದ ಪ್ರಶ್ನೆ ಐತ್ರಿ. ಮುದುಕ ಸತ್ತ ಮರುದಿನ ಆ ಹುಡುಗಿ ಏನ ಉಂಡ್ಳು? ಯಾರ ಕೈಲೆ ಉಂಡ್ಳು? ಅದನ್ನ ತೋರಸೂದ್ರಾಗ ಸಿನಿಮಾ ಮುಗಿಸಿಬಿಟ್ರಲ್ಲ."

ಜನ ನಕ್ಕರು. ತಮಾಷೆ ಎಂದುಕೊಂಡರು. ಅಧ್ಯಕ್ಷರು, "ಒಳ್ಳೆಯ ಪ್ರಶ್ನೆ. ಊಟದ ಮಾತು ಬಂತು, ಕೆಳಗೆ ಉಪ್ಪಿಟ್ಟು ಆರುತ್ತಿದೆ" ಎಂದು ಸಭೆ ಮುಗಿಸಿದರು. ಕಾಕಾ ಇನ್ನೂ ನಿಂತೇ ಇದ್ದರು.

ಕಾಕಾ ನನಗೆ ನೆಂಟರೇನಲ್ಲ. ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ, ಮೂರನೇ ಮಹಡಿಯಲ್ಲಿ, ನಮ್ಮ ಬಾಗಿಲಿಗೆ ಎದುರು ಬಾಗಿಲಿನವರು. ವಿಜಯಪುರದ ಕಡೆಯವರು. ಲೋಕಲ್ ಗಾಡಿಗಳ ಬ್ರೇಕ್ ನೋಡುವ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಜೀವನವಿಡೀ ಕಬ್ಬಿಣ ಬಡಿದು ಸದ್ದು ಕೇಳಿದ ಮನುಷ್ಯ. ಹಾಗಾಗಿ ಏನು ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಅಭ್ಯಾಸ. ಕಲ್ಲಂಗಡಿ ತಟ್ಟುತ್ತಿದ್ದರು, ಗ್ಯಾಸ್ ಸಿಲಿಂಡರ್ ತಟ್ಟುತ್ತಿದ್ದರು. ನಮ್ಮ ಮನೆಗೆ ಬೆಲ್ ಇದ್ದರೂ ಬಾಗಿಲು ತಟ್ಟುತ್ತಿದ್ದರು. ಒಮ್ಮೆ ನನ್ನ ತಲೆಯನ್ನೂ ತಟ್ಟಿ, "ಟೊಳ್ಳ ಐತಿ. ಅದಕ್ಕ ದನಿ ಚಲೋ ಬರ್ತೈತಿ" ಎಂದರು. ನನ್ನ ಕಲೆಯ ಬಗ್ಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ಸರಿಯಾದದ್ದು ಇನ್ನೊಂದಿಲ್ಲ.

ನನ್ನ ಕಲೆ ಏನೆಂದರೆ ಮಿಮಿಕ್ರಿ. ಹೊಟ್ಟೆಪಾಡಿಗೆ ಪವಾಯಿಯ ಆಫೀಸೊಂದರಲ್ಲಿ ಕೂತು ಗಿರಾಕಿಗಳಿಂದ ಫೋನಿನಲ್ಲಿ ಬೈಸಿಕೊಳ್ಳುತ್ತೇನೆ, ಮನೆಗೆ ಬಂದು ಅದೇ ಬೈಗುಳವನ್ನು ಅವರ ದನಿಯಲ್ಲೇ ಅಮ್ಮನಿಗೆ ಕೇಳಿಸುತ್ತೇನೆ. ಸೊಸೈಟಿಯ ಸೆಕ್ರೆಟರಿ, ತರಕಾರಿ ಮಾರುವವಳು, ಸಂಘದ ಅಧ್ಯಕ್ಷರು, ನನ್ನ ಸ್ವಂತ ಅಪ್ಪ, ಯಾರನ್ನೂ ಬಿಟ್ಟಿಲ್ಲ. ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಕಾಕಾನ ಮಗ ಪಿಂಟು. ಮೂವತ್ತನಾಲ್ಕು ವರ್ಷ, ಬಾಗಿಲಷ್ಟು ಅಗಲ, ಬುದ್ಧಿ ಎರಡು ವರ್ಷದ ಕೂಸಿನದು. ಹುಟ್ಟಿದಾಗಿನಿಂದ ಹಾಗೆಯೇ. ಮಾತಿಲ್ಲ. ತಾಯಿ ತೀರಿಹೋದಾಗ ಅವನಿಗೆ ಹನ್ನೆರಡು. ಆಮೇಲೆ ಅವನಿಗೆ ಉಣಿಸಿದವರು ಕಾಕಾ ಒಬ್ಬರೇ. ಬೇರೆ ಯಾರು ತುತ್ತು ಹಿಡಿದರೂ ಬಾಯಿ ಬಿಗಿದುಕೊಳ್ಳುತ್ತಿದ್ದ, ಹಲ್ಲು ಕಚ್ಚಿ ಗೋಡೆಗೆ ಮುಖ ಮಾಡುತ್ತಿದ್ದ.

ಕಾಕಾ ಉಣಿಸುವ ರೀತಿ ನಮ್ಮ ಬಿಲ್ಡಿಂಗಿಗೆಲ್ಲ ಬಾಯಿಪಾಠ. ತಟ್ಟೆ ಹಿಡಿದು ಕೂತರೆ ಲೋಕಲ್ ಗಾಡಿ ಮೊದಲ ಸ್ಟೇಷನ್ ಬೋರಿಬಂದರಿನಿಂದ ಹೊರಡುತ್ತಿತ್ತು, ಮುಂದಿನ ಸ್ಟೇಷನ್ ಯಾವುದೆಂದು ಮರಾಠಿಯಲ್ಲಿ ಕೂಗುತ್ತಾ. "ಪುಢೀಲ ಸ್ಟೇಷನ್... ಮಸ್ಜಿದ್" ಎಂದರೆ ಪಿಂಟು ಬಾಯಿ ತೆರೆಯುತ್ತಿದ್ದ, ಒಂದು ತುತ್ತು. ಅದು ಗಂಟಲಿಳಿಯುವ ತನಕ ಗಾಡಿ ನಿಂತಿರಬೇಕು. ಇಳಿಯಿತು ಅಂದರೆ "ಪುಢೀಲ ಸ್ಟೇಷನ್... ಸ್ಯಾಂಡ್‌ಹರ್ಸ್ಟ್ ರೋಡ್". ಹೀಗೆ ಭಾಯಖಳಾ, ಚಿಂಚ್‌ಪೋಕ್ಳಿ, ದಾದರ್, ಕುರ್ಲಾ ದಾಟಿ ಭಾಂಡುಪ್ ಬರುವಷ್ಟರಲ್ಲಿ ಹದಿನೈದು ತುತ್ತು. ಭಾಂಡುಪ್ ಬಂತೆಂದರೆ ಬಾಯಿ ಒರೆಸಿಕೊಂಡು ಇಳಿಯುವುದು. ಜ್ವರ ಬಂದು ಬಾಯಿ ಸೇರದ ದಿನ ಫಾಸ್ಟ್ ಗಾಡಿ, ಐದೇ ಸ್ಟೇಷನ್. ನಡುವೆ ಗಂಟಲಲ್ಲಿ ಸಿಕ್ಕಿಕೊಂಡರೆ "ಸಿಗ್ನಲ್ ಇಲ್ಲಪಾ, ನಿಂದರು" ಎಂದು ಬೆನ್ನು ಸವರುತ್ತಿದ್ದರು. ದಿನಕ್ಕೆ ಮೂರು ಸಲ, ಇಪ್ಪತ್ತೆರಡು ವರ್ಷ. ನಾನು ಕೇಳಿದ್ದೆ, ಬೇಸರ ಬರುವುದಿಲ್ಲವೇ ಎಂದು. "ಗಾಡಿ ಬ್ಯಾಸರ ಮಾಡ್ಕೊಂತೈತೇನ?" ಎಂದರು.

ಆ ಸಿನಿಮಾಕ್ಕೂ ಮುಂಚೆ, ಹೋದ ವರ್ಷಕ್ಕೆ ಹಿಂದಿನ ವರ್ಷದ ಗಣಪತಿ ಹಬ್ಬದಲ್ಲಿ ನಾನು ಮಾಡಬಾರದ್ದು ಮಾಡಿದೆ. ಅಂಗಳದ ಪೆಂಡಾಲಿನಲ್ಲಿ ಮೈಕ್ ಸಿಕ್ಕಿತ್ತು. ಬಿಲ್ಡಿಂಗಿನ ಒಬ್ಬೊಬ್ಬರನ್ನೇ ಮಾಡುತ್ತಾ ಬಂದವನು ಕಾಕಾನನ್ನೂ ಮಾಡಿದೆ. "ಪುಢೀಲ ಸ್ಟೇಷನ್..." ಎಂಬ ಎಳೆತ, ಪರೇಲ್ ಆದ ಮೇಲೆ ಅವರು ಗಂಟಲು ಸರಿಮಾಡಿಕೊಳ್ಳುವ ಆ ಸಣ್ಣ ಕೆಮ್ಮು, ಎಲ್ಲ ಸೇರಿಸಿ. ಜನ ಬಿದ್ದು ಬಿದ್ದು ನಕ್ಕರು. ನಗು ನಿಂತದ್ದು ಮುಂದಿನ ಸಾಲಿನ ಹೆಂಗಸರು ತಿರುಗಿ ನೋಡಿದಾಗ. ಪೆಂಡಾಲಿನ ಅಂಚಿನಲ್ಲಿ ಅಪ್ಪನ ಪಕ್ಕ ಕೂತ ಪಿಂಟು ಸ್ಪೀಕರಿನ ಕಡೆ ಮುಖವೆತ್ತಿ ಬಾಯಿ ತೆರೆದುಕೊಂಡಿದ್ದ. ಹಾಗೇ ತೆರೆದುಕೊಂಡು ಕಾಯುತ್ತಿದ್ದ.

ಮರುದಿನ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದು. ನಾನು ಬಾತ್‌ರೂಮಿಗೆ ಓಡಿದೆ. ಕಾಕಾ ಹೊರಗಿನಿಂದಲೇ ಮಾತಾಡಿದರು.

"ತಮ್ಮಾ, ಹೊರಗ ಬಾ. ಬಯ್ಯಂಗಿಲ್ಲ."

"ತಪ್ಪಾತ್ರಿ ಕಾಕಾ. ಸಾರಿ."

"ಸಾರಿ ಇಟಗೊಂಡು ಏನ ಮಾಡ್ಲಿ? ನಿನ್ನಿ ಮಾಡಿದ್ದ ಇನ್ನೊಮ್ಮೆ ಮಾಡು. ಊಟದ ತಾಟ ಹಿಡಕೊಂಡ ಮಾಡು."

ಆ ಬೆಳಿಗ್ಗೆ ಪಿಂಟು ನನ್ನ ಕೈಯಿಂದ ಮೂರು ತುತ್ತು ಉಪ್ಪಿಟ್ಟು ತಿಂದ. ನಾಲ್ಕನೆಯದಕ್ಕೆ ಕಾಕಾ ಎದ್ದು ಹೋಗಿ ಗ್ಯಾಲರಿಯಲ್ಲಿ ನಿಂತರು. ನಾನು ನೋಡಲಿಲ್ಲ, ನೋಡಲು ಧೈರ್ಯವಿರಲಿಲ್ಲ.

ಅವರ ಅವಸರ ನನಗೆ ಅರ್ಥವಾದದ್ದು ನಿಧಾನವಾಗಿ. ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಆಶ್ರಮಗಳನ್ನು ಅವರು ಪನ್‌ವೇಲ್‌ನಿಂದ ಬದಲಾಪುರದ ತನಕ ಸುತ್ತಿ ಬಂದಿದ್ದರು. ಎಲ್ಲ ಕಡೆ ಮೊದಲನೆಯ ಪ್ರಶ್ನೆ ಒಂದೇ: ಊಟ ತಾನೇ ಮಾಡುತ್ತಾನಾ, ಇಲ್ಲ ಯಾರು ಉಣಿಸಿದರೂ ಮಾಡುತ್ತಾನಾ? ಎರಡಕ್ಕೂ ಇಲ್ಲ ಎಂದರೆ ಫಾರ್ಮ್ ಮಡಚಿ ವಾಪಸ್ ಕೊಡುತ್ತಿದ್ದರು. ಕಾಕಾನ ಲೆಕ್ಕ ಹೀಗಿತ್ತು: ಮೊದಲು ನನ್ನ ಕೈಯಿಂದ ತಮ್ಮ ದನಿಯಲ್ಲಿ ಉಣ್ಣಬೇಕು, ಆಮೇಲೆ ನಾನು ಆ ದನಿಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬರಬೇಕು, ಕೊನೆಗೆ ಯಾರ ದನಿಗಾದರೂ ಉಣ್ಣುವಂತಾಗಬೇಕು. "ಬ್ರೇಕ್ ಒಮ್ಮಿಗೇ ಬಿಡಬಾರ್ದು ನೋಡು" ಎನ್ನುತ್ತಿದ್ದರು.

ಸಿನಿಮಾ ನೋಡಿ ಮಾಟುಂಗದಿಂದ ವಾಪಸಾಗುವಾಗ ಲೋಕಲ್‌ನಲ್ಲಿ ಜಾಗ ಸಿಕ್ಕಿತ್ತು. ಪಿಂಟು ಕಿಟಕಿಯ ಹತ್ತಿರ. ಕಾಕಾನ ಜೇಬಿನಲ್ಲಿ ಶೇಂಗಾ. ಸಾಯನ್ ಬಂತು, ಅವರು ಕಿವಿಯಲ್ಲಿ ಸಾಯನ್ ಎಂದರು, ಪಿಂಟು ಬಾಯಿ ತೆರೆದ, ಒಂದು ಶೇಂಗಾ. ಎದುರು ಕೂತ ಮನುಷ್ಯ ಇದೇನು ಹರಕೆಯೋ ಎಂಬಂತೆ ನೋಡುತ್ತಿದ್ದ.

ನಾನು ಸಿನಿಮಾವನ್ನು ಗೇಲಿ ಮಾಡುತ್ತಿದ್ದೆ. ರೋಬೋಟ್ ಅಳುವ ದೃಶ್ಯಕ್ಕೆ ಎಣ್ಣೆ ಸೋರಿದ್ದು ಎಂದೆ. ಕಾಕಾ ನಗಲಿಲ್ಲ.

"ಅಳೂದೆಲ್ಲಾ ಇರ್ಲಿ ಬಿಡು. ಆ ಜಡಿ ನೋಡಿದಿ? ಮುದುಕ ಒಂದ ಸಲ ಹೆಣದ ತೋರಿಸಿದಾ, ಅದು ಕಲತಬಿಡ್ತು. ಹುಡುಗಿ ಅಲ್ಲಾಡದ ಕುಂತ್ಳು. ಸುಳ್ಳ ಇರೂದು ಅಲ್ಲೆ. ರೋಬೋಟ್ ಸುಳ್ಳಲ್ಲ, ಆ ಹುಡುಗಿ ಸುಳ್ಳು."

"ಹಾಂಗಾದ್ರ ನಿಮಗ ಸಿನಿಮಾ ಸೇರಲಿಲ್ಲ?"

"ಸೇರಿತಪಾ. ಮುದುಕಗ ಒಂದಾದ್ರೂ ಸಿಕ್ತಲ್ಲ." ಕುರ್ಲಾ ಬಂತು. ಒಂದು ಶೇಂಗಾ ಕೊಟ್ಟರು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು, "ನನ್ನ ಹೊಟ್ಯಾಗ ಗಂಟ ಐತಂತ. ಡಾಕ್ಟರ ದೀಪಾವಳಿ ಮಾತ ಎತ್ತವಲ್ಲ."

ಗಾಡಿ ಘಾಟ್‌ಕೋಪರ್‌ನಲ್ಲಿ ನಿಂತು ಹೊರಟಿತು. ಕಾಕಾ ಸ್ಟೇಷನ್ ಹೆಸರು ಹೇಳುವುದನ್ನು ಮರೆತಿದ್ದರು. ಪಿಂಟು ಅವರ ಭುಜಕ್ಕೆ ತಲೆಯಿಂದ ಗುದ್ದಿದ.

"ತಮ್ಮಾ, ಇವನ್ನ ನೋಡ್ಕೊಂತೀನಂತ ನೀ ಹೂಂ ಅನಬ್ಯಾಡ," ಎಂದರು. "ನಿಂದೂ ವಯಸ್ಸೈತಿ, ಲಗ್ನ ಆಕ್ಕೈತಿ, ಎಲ್ಲೆರ ಹೋಕ್ಕಿ. ಹೂಂ ಅಂತ ನಾ ಕೇಳೂದಿಲ್ಲ. ಆದ್ರ ಇಲ್ಲಾ ಅಂತ ಈಗ ಅನಬ್ಯಾಡ. ನಾ ಹ್ವಾದ ಮ್ಯಾಲ ಅನ್ನು."

ಅಲ್ಲಿಂದ ಮೂರು ತಿಂಗಳು ದಿನಾ ಪ್ರಾಕ್ಟೀಸ್. ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಒಂದು ಊಟ, ಬಂದ ಮೇಲೆ ಒಂದು. ಕಾಕಾನಷ್ಟು ಕಟುವಾದ ಗುರುವನ್ನು ನಾನು ಕಂಡಿಲ್ಲ. "ವಿಕ್ರೋಳಿ ಹಂಗಲ್ಲ. ನಿಂದು ಪವಾಯಿ ಆಫೀಸಿನ ವಿಕ್ರೋಳಿ ಆತು. ಹೊಟ್ಟಿಲೆ ತಗಿ." ಅನ್ನ ಕಲಸುವಾಗ ತುತ್ತು ದೊಡ್ಡದಾದರೆ ನನ್ನ ಮಣಿಕಟ್ಟು ತಟ್ಟುತ್ತಿದ್ದರು. ಅವರಿಗೇ ಆಗ ಎರಡು ಚಮಚ ಗಂಜಿ ಇಳಿಯುತ್ತಿರಲಿಲ್ಲ. ನಾನು ಪಿಂಟುವಿಗೆ ಉಣಿಸುವುದನ್ನು ನೋಡುತ್ತಾ ಅವರೂ ನುಂಗಿದ ಹಾಗೆ ಮಾಡುತ್ತಿದ್ದರು. ಒಮ್ಮೆ ನಾನು ತಮಾಷೆಗೆ ಅವರ ದನಿಯಲ್ಲೇ ಅವರಿಗೆ ಗಂಜಿ ಕುಡಿಸಲು ಹೋದೆ. "ಪುಢೀಲ ಸ್ಟೇಷನ್" ಎಂದ ಕೂಡಲೇ, "ನಂದ ಗಾಡಿ ಯಾರ್ಡಿಗೆ ಹೊಂಟೈತಿ, ಪ್ಯಾಸೆಂಜರ್ ಹತ್ತಂಗಿಲ್ಲ" ಎಂದು ತಟ್ಟೆ ಸರಿಸಿದರು.

ಮೊದಲು ಅವರು ಪಿಂಟುವಿನ ಪಕ್ಕದಲ್ಲೇ ಕೂರುತ್ತಿದ್ದರು. ಆಮೇಲೆ ಮಂಚದ ಮೇಲೆ. ಆಮೇಲೆ ಅಡಿಗೆಮನೆಯ ಪರದೆಯ ಹಿಂದೆ. ಪರದೆಯ ಕೆಳಗೆ ಅವರ ಎರಡು ಪಾದ ಕಾಣುತ್ತಿದ್ದವು. ನಾನು ಹದಿನೈದು ತುತ್ತನ್ನೂ ಉಣಿಸಿ ಮುಗಿಸಿದ ದಿನ ಪರದೆ ಸರಿಸಿ ಹೊರಗೆ ಬಂದು ನನ್ನ ತಲೆ ತಟ್ಟಿದರು. "ಪಾಸ್" ಎಂದರು.

"ಒಂದ ಸಲ ನೀವು ಹೊರಗ ಹೋಗಿ ನೋಡ್ರಿ ಕಾಕಾ," ಎಂದೆ. "ಮನ್ಯಾಗ ನೀವು ಇಲ್ಲದಾಗ ಹ್ಯಾಂಗ ಉಂತಾನ ಗೊತ್ತಾಗಬೇಕಲ್ಲ."

ಹೋದರು. ಚಪ್ಪಲಿ ಹಾಕಿಕೊಂಡು, ಸ್ಟೇಷನ್ ತನಕ ಹೋಗಿ ಬರುತ್ತೇನೆ ಎಂದು ಹೋದರು. ನಾನು ಅನ್ನ ಕಲಸಿ ಮುಗಿಸುವ ಮುಂಚೆಯೇ ಬಾಗಿಲು ತಟ್ಟಿದ ಸದ್ದು. ಛತ್ರಿ ಮರೆತೆ ಎಂದರು. ಹೊರಗೆ ಬಿಸಿಲು. ಛತ್ರಿ ತೆಗೆದುಕೊಂಡು ಮಂಚದ ಮೇಲೆ ಕೂತರು. ಎರಡನೆಯ ಸಲ ಗೇಟಿನ ತನಕ ಹೋಗಿ ಬಂದರು. ಮೂರನೆಯ ಸಲ ನಾನು ಕೇಳಲಿಲ್ಲ. ಕೇಳಬೇಕಿತ್ತು. ನನಗೂ ಪಾಸ್ ಆದ ಖುಷಿ.

ಗಣಪತಿ ಕಳೆದು ಹತ್ತು ದಿನಕ್ಕೆ ಅವರು ಆಸ್ಪತ್ರೆಗೆ ಒಯ್ದ ರಾತ್ರಿಯೇ ತೀರಿಹೋದರು. ಊರಿಂದ ಅವರ ತಮ್ಮ ಬಂದಿದ್ದರು. ಮಣ್ಣು ಮುಗಿಸಿ ಬಂದ ದಿನ ಪಿಂಟು ಏನನ್ನೂ ಮುಟ್ಟಲಿಲ್ಲ. ಮರುದಿನ ಅಮ್ಮ ಬಿಸಿ ಅನ್ನ, ಮೊಸರು ಕಳಿಸಿದಳು. ನಾನು ಕಾಕಾ ಕೂರುತ್ತಿದ್ದ ಮಣೆಯ ಮೇಲೆ ಕೂತೆ. ಪಿಂಟುವಿನ ಕೊರಳಿಗೆ ಟವೆಲ್ ಕಟ್ಟಿದೆ. ತುತ್ತು ಸರಿಯಾದ ಗಾತ್ರ. ಹೊಟ್ಟೆಯಿಂದ ದನಿ ತೆಗೆದೆ.

"ಪುಢೀಲ ಸ್ಟೇಷನ್... ಮಸ್ಜಿದ್."

ಅಷ್ಟು ಚೆನ್ನಾಗಿ ನಾನು ಯಾವತ್ತೂ ಯಾರನ್ನೂ ಮಾಡಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮ ಬೆಚ್ಚಿದಳು. ಪಿಂಟುವಿನ ಮುಖ ಅರಳಿತು. ಆದರೆ ಅವನು ಬಾಯಿ ತೆರೆಯಲಿಲ್ಲ. ಎದ್ದು ಹೋಗಿ ಅಡಿಗೆಮನೆಯ ಪರದೆ ಎತ್ತಿದ.

ಅಲ್ಲಿ ಯಾರೂ ಇರಲಿಲ್ಲ. ಬಾತ್‌ರೂಮಿನ ಬಾಗಿಲು ತೆಗೆದ. ಮಂಚದ ಕೆಳಗೆ ಬಗ್ಗಿ ನೋಡಿದ. ಗ್ಯಾಲರಿಗೆ ಹೋದ. ಗಾಬರಿಯಾಗಿ ನಾನು ಮತ್ತೆ ಕರೆದೆ, ಅದೇ ದನಿಯಲ್ಲಿ, ಇನ್ನೂ ಜೋರಾಗಿ. ಅವನು ಓಡಿ ಬಂದ. ನನ್ನ ಹತ್ತಿರ ಬಂದು, ನನ್ನನ್ನು ದಾಟಿ, ನನ್ನ ಬೆನ್ನ ಹಿಂದಿನ ಗೋಡೆಯ ಸಂದಿಯಲ್ಲಿ ಹುಡುಕಿದ. ಆಗ ನನಗೆ ಹೊಳೆಯಿತು. ಮೂರು ತಿಂಗಳೂ ಅವನು ನನ್ನ ದನಿಗೆ ಉಂಡಿರಲಿಲ್ಲ. ಅಪ್ಪ ಮನೆಯಲ್ಲೇ ಇದ್ದಾನೆ ಎಂಬ ನಂಬಿಕೆಗೆ ಉಂಡಿದ್ದ. ಈಗ ದನಿ ಇದೆ, ಹಾಗಾದರೆ ಅಪ್ಪ ಎಲ್ಲೋ ಇರಲೇಬೇಕು. ನಾನು ಬಾಯಿ ತೆರೆದಷ್ಟು ಸಲವೂ ಅವನಿಗೆ ಅಪ್ಪ ಬಂದು ಬಂದು ಹೋಗುತ್ತಿದ್ದ.

ಮೆಟ್ಟಿಲಿಳಿದು ಎಲ್ಲರ ಬಾಗಿಲನ್ನೂ ದೂಡುತ್ತಾ ನೆಲಮಹಡಿಯ ತನಕ ಹೋದ. ಅಲ್ಲಿ ಗೇಟಿಗೆ ಹಣೆ ಬಡಿದುಕೊಳ್ಳತೊಡಗಿದ. ನಾನು ಮತ್ತೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಹಿಂದಿನಿಂದ ಬಂದು ನನ್ನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು. "ಸಾಕ ಮಾಡೋ, ನಿನಗ ಕೈ ಮುಗೀತೀನಿ" ಎಂದಳು.

ಪಿಂಟು ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಸಲೈನ್ ಏರಿಸಿದರು. ಕಾಕಾನ ತಮ್ಮನಿಗೆ ಊರಿಗೆ ಹೋಗುವ ಅವಸರ, ಅವರಿಗೂ ಅವರ ಸಂಸಾರ. ಬದಲಾಪುರದ ಕಡೆಯ ಒಂದು ಆಶ್ರಮದಲ್ಲಿ ಕೂತು, ಹುಡುಗ ತಾನೇ ಊಟ ಮಾಡುತ್ತಾನೆ ಎಂದು ಫಾರ್ಮಿನಲ್ಲಿ ಬರೆದು ಬಿಟ್ಟುಬಂದರು. ಸುಳ್ಳು ಹೇಳಿದಿರಲ್ಲ ಎಂದರೆ, "ಖರೇ ಬರದ್ರ ಎಲ್ಲಿ ಇಡ್ಲಿ, ನೀ ಇಟ್ಕೊಂತಿ?" ಎಂದರು. ನಾನು ಇಲ್ಲಾ ಎನ್ನಲಿಲ್ಲ. ಹೂಂ ಅಂತಲೂ ಎನ್ನಲಿಲ್ಲ.

ಭಾನುವಾರ ಭಾನುವಾರ ಹೋಗುತ್ತೇನೆ. ಮೊದಲ ಸಲ ನೋಡಿದಾಗ ಅಂಗಿ ಮೈಮೇಲೆ ನೇತಾಡುತ್ತಿತ್ತು. ಉಣಿಸುವ ಆಯಾ, ಅಲ್ಲಿ ಎಲ್ಲರೂ ಮಾವಶಿ ಎನ್ನುತ್ತಾರೆ, ಒಳ್ಳೆಯವಳು. ಮೂವತ್ತು ಜನರ ನಡುವೆ ಇವನಿಗೂ ಅರ್ಧ ಗಂಟೆ ಕೊಡುತ್ತಾಳೆ. ಗಂಜಿಯನ್ನು ತುಟಿ ಸಂದಿಯಲ್ಲಿ ಇಳಿಸುತ್ತಾಳೆ, ಅರ್ಧ ಟವೆಲ್ಲಿಗೆ ಹೋಗುತ್ತದೆ. ಹೀಗೇ ಆದರೆ ಮೂಗಿನಿಂದ ನಳಿಕೆ ಹಾಕುತ್ತಾರಂತೆ, ಇಲ್ಲವೇ ವಾಪಸ್ ಕಳಿಸುತ್ತಾರಂತೆ. ಎಲ್ಲಿಗೆ ವಾಪಸ್ ಎಂದು ಯಾರಿಗೂ ಗೊತ್ತಿಲ್ಲ.

ನಾನು ಅಲ್ಲಿ ಮಾತಾಡುವುದಿಲ್ಲ. ಯಾವ ದನಿ ಹೊರಗೆ ಬಂದುಬಿಡುತ್ತದೋ ಎಂಬ ಭಯ. ಎಲ್ಲರನ್ನೂ ಆಡಿಸಿದವನು ಈಗ ಬೆಂಚಿನ ಮೇಲೆ ಬಾಯಿ ಹೊಲಿದುಕೊಂಡು ಕೂರುತ್ತೇನೆ. ಮೊನ್ನೆ ಭಾನುವಾರವೂ ಹಾಗೆಯೇ ಕೂತಿದ್ದೆ. ಮಾವಶಿ ಚಮಚ ಹಿಡಿದು ಸೋತು ಪಕ್ಕದಲ್ಲಿ ಕೂತಿದ್ದಳು. ಪಿಂಟು ಎದ್ದು ನನ್ನ ಎದುರು ಬಂದು ನಿಂತ. ನನ್ನ ಗದ್ದ ಹಿಡಿದ. ಹೆಬ್ಬೆರಳಿಂದ ಕೆಳತುಟಿ ಒತ್ತಿ ಕೆಳಗೆ ಎಳೆದ. ನಾನು ಬಾಯಿ ತೆರೆದೆ. ಅವನು ಬಗ್ಗಿ ಒಳಗೆ ನೋಡಿದ.

ಪರದೆಯ ಹಿಂದೆ, ಮಂಚದ ಕೆಳಗೆ, ಬಾಗಿಲುಗಳ ಆಚೆ ನೋಡಿ ಮುಗಿದಿತ್ತು. ದನಿ ಬಂದದ್ದು ಇಲ್ಲಿಂದ ಎಂಬುದು ಅವನಿಗೆ ನೆನಪಿತ್ತು. ಉಳಿದದ್ದು ಇದೊಂದೇ ಜಾಗ.

ಇನ್ನೂ ಸರಿಯಾಗಿ ಕಾಣಲೆಂದು ನಾನು ಬಾಯಿ ಅಗಲಿಸಿದೆ. ಕತ್ತು ಹಿಂದಕ್ಕೆ ಹಾಕಿದೆ. ಅಷ್ಟು ಹತ್ತಿರದಿಂದ ನೋಡುತ್ತಾ ನೋಡುತ್ತಾ, ಕೂಸಿಗೆ ಉಣಿಸುವ ತಾಯಿಯ ಬಾಯಿ ತೆರೆದುಕೊಳ್ಳುವ ಹಾಗೆ, ಅವನ ಬಾಯಿಯೂ ತಾನಾಗಿ ತೆರೆದುಕೊಂಡಿತು. ಮಾವಶಿ ಮೂವತ್ತು ಜನರಿಗೆ ಉಣಿಸುವವಳು. ಒಂದು ಕ್ಷಣ ತಡ ಮಾಡಲಿಲ್ಲ. ಚಮಚ ಒಳಗೆ ಹೋಯಿತು. ಅವನು ನನ್ನ ಗದ್ದ ಬಿಡದೆಯೇ ನುಂಗಿದ. ಮತ್ತೆ ಬಗ್ಗಿ ನೋಡಿದ. ಮತ್ತೊಂದು ಚಮಚ. ದವಡೆ ನೋಯುತ್ತಿತ್ತು, ಕಣ್ಣಿನ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಬಟ್ಟಲು ಮುಕ್ಕಾಲು ಖಾಲಿಯಾಯಿತು.

"ಇವತ್ತೇನೋ ಆಯ್ತು," ಎಂದಳು ಮಾವಶಿ ಮರಾಠಿಯಲ್ಲಿ, ಚಮಚದಿಂದ ಬಟ್ಟಲು ಕೆರೆಯುತ್ತಾ. "ನಾಳೆ ಸೋಮವಾರ. ನಾಳೆ ಇವನ ಎದುರು ಯಾರು ಕೂತ್ಕೋತಾರೆ?"

ಪಿಂಟು ಇನ್ನೂ ನೋಡುತ್ತಿದ್ದ. ಉತ್ತರ ಕೊಡಲು ನನ್ನ ಬಾಯಿ ಬಿಡುವಾಗಿರಲಿಲ್ಲ.